ಸೇಂಟ್ ಮೇರೀಸಾ, ನೇತ್ರಾಣಿಯಾ, ಬಸವರಾಜದುರ್ಗವಾ, ಕಾರವಾರವಾ? ದ್ವೀಪ ಆರಿಸುವ ಮುಂಚೆ ಇದನ್ನು ಓದಿ

ಸೆಪ್ಟೆಂಬರ್ ಮುಗಿಯುತ್ತಿದ್ದ ಹಾಗೆ ಬೆಂಗಳೂರಿನ ಗೆಳೆಯರಿಂದ ಒಂದೇ ಪ್ರಶ್ನೆ ಬರುತ್ತದೆ. "ಮೂರು ದಿನ ರಜೆ ಇದೆ, ಯಾವ ದ್ವೀಪಕ್ಕೆ ಹೋಗೋಣ?" ಕೇಳುವವರಲ್ಲಿ ಚಿಕ್ಕ ಮಕ್ಕಳಿರುವವರು, ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು, ಸ್ಕೂಬಾ ಹುಚ್ಚು ಹಿಡಿದವರು, ಕೋಟೆ ಅಂದರೆ ಊಟ ಬಿಡುವವರು ಎಲ್ಲರೂ ಇದ್ದಾರೆ. ಎಲ್ಲರಿಗೂ ಒಂದೇ ಉತ್ತರ ಕೊಡುವುದು ತಪ್ಪು. ನಮ್ಮ ಕರಾವಳಿ ಸುಮಾರು 320 ಕಿಲೋಮೀಟರ್ ಉದ್ದ. ಅದರ ಎದುರಿಗಿರುವ ದ್ವೀಪಗಳಲ್ಲಿ ನಾವು ಹೋಗಿ ನೋಡಬಹುದಾದವು ಕೈಬೆರಳಲ್ಲಿ ಎಣಿಸುವಷ್ಟು. ಆದರೆ ಒಂದರ ಹಾಗೆ ಇನ್ನೊಂದಿಲ್ಲ. ಒಂದು ಕಡೆ ನೋಡಬೇಕಾದದ್ದು ಕಲ್ಲು, ಇನ್ನೊಂದು ಕಡೆ ನೀರಿನೊಳಗಿನ ಜೀವ, ಮತ್ತೊಂದು ಕಡೆ ಕೋಟೆಯ ಗೋಡೆ. ಫೋಟೋದಲ್ಲಿ ಎಲ್ಲವೂ ನೀಲಿ ನೀರು, ಹಸಿರು ಗುಡ್ಡ ಅಷ್ಟೆ. ಫೋಟೋ ನೋಡಿ ಆರಿಸಿದವರೇ ಜಾಸ್ತಿ ಬೇಜಾರಾಗಿ ಬರುವುದು.

ಮೊದಲು ಈ ಪ್ರಶ್ನೆಗಳಿಗೆ ಉತ್ತರ ಕೊಟ್ಟುಕೊಳ್ಳಿ

ಎಲ್ಲಕ್ಕಿಂತ ಮುಂಚೆ, ದೋಣಿ ಸಿಗುವುದು ಎಷ್ಟು ಖಾತ್ರಿ? ನನ್ನ ಪ್ರಕಾರ ಇದೇ ದೊಡ್ಡ ಪ್ರಶ್ನೆ. ಇದನ್ನು ಯಾರೂ ಕೇಳುವುದಿಲ್ಲ. ಕೆಲವು ದ್ವೀಪಗಳಿಗೆ ಟಿಕೆಟ್ ಕೌಂಟರ್ ಇದೆ, ದಿನವೂ ಬೋಟು ಹೋಗುತ್ತದೆ. ಕೆಲವಕ್ಕೆ ಮೀನುಗಾರರನ್ನು ಕೇಳಿ, ಅವರು ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನಾನೂರು ಐನೂರು ಕಿಲೋಮೀಟರ್ ಹೋಗಿ ದಡದಲ್ಲಿ ನಿಂತು ದ್ವೀಪ ನೋಡಿ ಬರುವ ಹಾಗಾಗಬಾರದು ಅಲ್ವಾ.

ಎರಡನೆಯದು, ನಿಮ್ಮ ಜೊತೆ ಬರುವವರು ಎಷ್ಟು ಹೊತ್ತು ಕಡಲಿನ ತೂಗಾಟ ತಡೆಯಬಲ್ಲರು? ಅರ್ಧ ಗಂಟೆಯ ಬೋಟಿಗೂ ಒಂದೂವರೆ ಗಂಟೆಯ ಬೋಟಿಗೂ ತುಂಬಾ ವ್ಯತ್ಯಾಸ ಇದೆ. ಬಸ್ಸಿನಲ್ಲಿ ಘಾಟಿ ಇಳಿಯುವಾಗಲೇ ವಾಂತಿ ಮಾಡುವವರಿದ್ದರೆ ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ.

ಆಮೇಲೆ ದುಡ್ಡು. ಮತ್ತೆ, ನಿಮಗೆ ನಿಜವಾಗಿ ಏನು ಇಷ್ಟ ಅನ್ನುವುದು.

ಕಾಲದ ವಿಷಯದಲ್ಲಿ ಆಯ್ಕೆಯೇ ಇಲ್ಲ. ಮಳೆಗಾಲದಲ್ಲಿ ಎಲ್ಲಿಗೂ ಬೋಟಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ. ಪ್ರವಾಸಿ ಬೋಟುಗಳು ಸಾಮಾನ್ಯವಾಗಿ ಮೇ ಮಧ್ಯದಲ್ಲಿ ನಿಂತು ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಮತ್ತೆ ಶುರುವಾಗುತ್ತವೆ. ನವೆಂಬರ್‌ನಿಂದ ಫೆಬ್ರವರಿ ಎಲ್ಲ ದ್ವೀಪಕ್ಕೂ ಒಳ್ಳೆಯ ಕಾಲ. ಮಾರ್ಚ್ ದಾಟಿದರೆ ಬಿಸಿಲು ತಡೆಯಲಾಗುವುದಿಲ್ಲ.

ಸೇಂಟ್ ಮೇರೀಸ್, ಮಲ್ಪೆ

ಊರವರು ತೋನ್ಸೆಪಾರ್ ಅಂತಲೂ ತೆಂಗಿನ ದ್ವೀಪ ಅಂತಲೂ ಕರೆಯುತ್ತಾರೆ. ಇದು ಒಂದೇ ದ್ವೀಪ ಅಲ್ಲ, ತೆಂಕು ಬಡಗು ಸಾಲಾಗಿ ನಿಂತ ಪುಟ್ಟ ದ್ವೀಪಗಳ ಗುಂಪು. ನಾವು ಹೋಗುವುದು ತೆಂಗಿನ ಮರಗಳಿರುವ ಒಂದಕ್ಕೆ ಮಾತ್ರ. ಉದ್ದ ಸುಮಾರು ಅರ್ಧ ಕಿಲೋಮೀಟರ್, ಅಗಲ ನೂರು ಮೀಟರಿನ ಆಸುಪಾಸು.

ಇಲ್ಲಿಗೆ ಹೋಗಬೇಕಾದದ್ದು ಕಲ್ಲು ನೋಡಲು. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ ಭಾರತ ಮತ್ತು ಮಡಗಾಸ್ಕರ್ ಒಂದೇ ನೆಲವಾಗಿದ್ದು ಬೇರೆಯಾಗುತ್ತಿದ್ದವು. ನೆಲ ಸೀಳಿದ ಕಡೆ ಲಾವಾ ಮೇಲೆ ಬಂತು. ಅದು ತಣಿಯುವಾಗ ಕುಗ್ಗಿತು. ಕುಗ್ಗಿದಾಗ ಬಿರುಕು ಬಿಟ್ಟಿತು. ಆ ಬಿರುಕುಗಳು ಮೇಲಿಂದ ಕೆಳಗೆ ಇಳಿಯುತ್ತಾ ಹೋಗಿ ಐದು, ಆರು, ಏಳು ಮೂಲೆಯ ಕಂಬಗಳಾದವು. ಯಾರೋ ಕಡೆದು ಜೋಡಿಸಿದ ಹಾಗೆ ಕಾಣುತ್ತವೆ, ಯಾರೂ ಕಡೆದಿಲ್ಲ. ಇದನ್ನು ಬಸಾಲ್ಟ್ ಅನ್ನುವವರು ಜಾಸ್ತಿ. ನಿಜಕ್ಕೂ ಇದು ಸಿಲಿಕಾ ಹೆಚ್ಚಿರುವ, ರಯೋಲೈಟ್ ಜಾತಿಗೆ ಸೇರಿದ ಕಲ್ಲು. ಮಹಾರಾಷ್ಟ್ರದಲ್ಲೆಲ್ಲ ಹರಡಿರುವ ದಖ್ಖನ್ ಲಾವಾಗಿಂತ ಇದು ಎರಡು ಕೋಟಿ ವರ್ಷ ಹಳೆಯದು. ಈ ಕಂಬಗಳಿಗಾಗಿಯೇ ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಂಥ ಇನ್ನೊಂದು ಸ್ಮಾರಕ ನಮ್ಮ ಲಾಲ್‌ಬಾಗಿನ ಬಂಡೆ, ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಮಕ್ಕಳಿದ್ದರೆ ಹೊರಡುವ ಹಿಂದಿನ ಭಾನುವಾರ ಲಾಲ್‌ಬಾಗಿಗೆ ಕರೆದುಕೊಂಡು ಹೋಗಿ ಆ ಬಂಡೆ ತೋರಿಸಿ. ಆಮೇಲೆ ಮಲ್ಪೆಯಲ್ಲಿ ಅವರೇ ಪ್ರಶ್ನೆ ಕೇಳಲು ಶುರು ಮಾಡುತ್ತಾರೆ.

ಹೆಸರಿನ ಹಿಂದೆ ವಾಸ್ಕೋ ಡ ಗಾಮ ಇದ್ದಾನೆ. 1498ರಲ್ಲಿ ಇಲ್ಲಿ ಇಳಿದು ಶಿಲುಬೆ ನೆಟ್ಟು ಮೇರಿ ಮಾತೆಯ ಹೆಸರಿಟ್ಟ ಅನ್ನುವುದು ಪ್ರತೀತಿ. ಇದೇ ಗುಂಪಿನಲ್ಲಿ ದರಿಯಾ ಬಹದ್ದೂರ್‌ಗಡ ಅಂತ ಒಂದಿದೆ, ಬಿದನೂರಿನ ಅರಸರು ಕೋಟೆ ಕಟ್ಟಿದ ಜಾಗ. ಪ್ರವಾಸಿ ಬೋಟು ಅಲ್ಲಿಗೆ ಹೋಗುವುದಿಲ್ಲ.

ದೋಣಿಯ ವಿಷಯದಲ್ಲಿ ಇದನ್ನು ಮೀರಿಸುವ ದ್ವೀಪ ಇಲ್ಲ. ಸೀಸನ್ನಿನಲ್ಲಿ ದಿನವೂ ಹೋಗುತ್ತದೆ. ಮಲ್ಪೆ ದಕ್ಕೆಯಿಂದ, ಅಂದರೆ ಬೋಟು ನಿಲ್ಲುವ ಕಟ್ಟೆಯಿಂದ, ಹೋಗುವ ದೊಡ್ಡ ಬೋಟು ನಿಧಾನ, ಆದರೆ ಅಲುಗಾಟ ಕಡಿಮೆ. ಬೀಚಿನಿಂದ ಹೋಗುವ ಸಣ್ಣ ಬೋಟು ಬೇಗ ಮುಟ್ಟಿಸುತ್ತದೆ, ಆದರೆ ಎತ್ತಿ ಹಾಕುತ್ತದೆ. ವಯಸ್ಸಾದವರಿದ್ದರೆ ದಕ್ಕೆಗೇ ಹೋಗಿ. ಖರ್ಚು ತಲೆಗೆ ಕೆಲವು ನೂರು ರೂಪಾಯಿ, ಅಷ್ಟೆ. ನಾಲ್ಕು ಜನರ ಕುಟುಂಬ ರೈಲು, ಆಟೋ, ಬೋಟು, ಉಡುಪಿಯ ಊಟ ಎಲ್ಲ ಸೇರಿಸಿದರೂ ನೇತ್ರಾಣಿಯಲ್ಲಿ ಇಬ್ಬರು ಡೈವ್ ಮಾಡುವ ದುಡ್ಡಿನೊಳಗೆ ಮುಗಿಸಬಹುದು.

ತೊಂದರೆಗಳೂ ಇವೆ. ವಾರದ ಕೊನೆಯಲ್ಲಿ ಜನ ಜಾಸ್ತಿ, ತುಂಬಾ ಜಾಸ್ತಿ. ಮರಳಿಗಿಂತ ಚಿಪ್ಪೇ ಹೆಚ್ಚು, ಬರಿಗಾಲಲ್ಲಿ ನಡೆದರೆ ಕುಯ್ಯುತ್ತದೆ. ತೆಂಗಿನ ಮರ ಬಿಟ್ಟರೆ ನೆರಳಿಲ್ಲ. ರಾತ್ರಿ ಉಳಿಯುವ ಹಾಗಿಲ್ಲ. ಈಜಲು ಇದು ಜಾಗವೇ ಅಲ್ಲ. ಕಲ್ಲುಗಳ ನಡುವೆ ಆಳ ಗೊತ್ತಾಗುವುದಿಲ್ಲ, ಪಾಚಿ ಜಾರುತ್ತದೆ, ಅಲೆ ಹಿಂದೆ ಎಳೆಯುತ್ತದೆ. ಇಲ್ಲಿ ಪ್ರಾಣ ಕಳೆದುಕೊಂಡವರಿದ್ದಾರೆ. ಗಾರ್ಡ್ ಸೀಟಿ ಊದಿದರೆ ಅವರ ಮಾತು ಕೇಳಿ. ಇನ್ನೊಂದು ಮಾತು, ಕಂಬದ ಚೂರು ಬಿದ್ದಿದ್ದರೂ ಅದನ್ನು ಎತ್ತಿ ಬ್ಯಾಗಿಗೆ ಹಾಕಬೇಡಿ. ದಿನಕ್ಕೆ ಎಷ್ಟೋ ಜನ ಬರುವ ಜಾಗ, ಒಬ್ಬೊಬ್ಬರು ಒಂದೊಂದು ಎತ್ತಿದರೆ ಏನು ಉಳಿಯುತ್ತದೆ?

ನೇತ್ರಾಣಿ, ಮುರ್ಡೇಶ್ವರ

ಇಲ್ಲಿ ದ್ವೀಪಕ್ಕೆ ಹೋಗುವುದು ಅನ್ನುವ ಮಾತೇ ಪೂರ್ತಿ ಸರಿಯಲ್ಲ. ದ್ವೀಪದ ಮೇಲೆ ನಿಮ್ಮನ್ನು ಇಳಿಸುವುದಿಲ್ಲ. ಬೋಟು ಪಕ್ಕದಲ್ಲಿ ಲಂಗರು ಹಾಕುತ್ತದೆ, ನೀವು ನೀರಿಗೆ ಇಳಿಯುತ್ತೀರಿ. ಅದಕ್ಕೆ ತಯಾರಿಲ್ಲದವರು ಬರಬೇಡಿ. ಬೋಟಿನಲ್ಲೇ ಕುಳಿತಿರುತ್ತೇನೆ ಅನ್ನುವವರಿಗೆ ಆ ದಿನ ಬಹಳ ಉದ್ದವಾಗುತ್ತದೆ, ಯಾಕೆಂದರೆ ನಿಂತ ಬೋಟು ಓಡುವ ಬೋಟಿಗಿಂತ ಜಾಸ್ತಿ ತೂಗುತ್ತದೆ.

ದಡದಿಂದ ಸುಮಾರು 19 ಕಿಲೋಮೀಟರ್. ಬೋಟಿನ ಮೇಲೆ, ಅಲೆಯ ಮೇಲೆ ಹೊಂದಿಕೊಂಡು ಒಂದರಿಂದ ಒಂದೂವರೆ ಗಂಟೆ. ಇಷ್ಟು ದೂರ ಇರುವುದರಿಂದಲೇ ಇಲ್ಲಿ ನೀರು ತಿಳಿ. ನದಿಗಳು ತರುವ ಕೆಸರು ಅಲ್ಲಿಯವರೆಗೆ ಅಷ್ಟಾಗಿ ಹೋಗುವುದಿಲ್ಲ. ಹಾಗಾಗಿ ಬಂಡೆಗಳ ಮೇಲೆ ಹವಳ ಬೆಳೆದಿದೆ. ಹವಳದ ಸುತ್ತ ಗಿಳಿಮೀನು, ಚಿಟ್ಟೆಮೀನು, ಗುಂಪುಗುಂಪಾಗಿ ತಿರುಗುವ ಸಣ್ಣ ಮೀನು, ಬಂಡೆಯ ಸಂದಿಯಲ್ಲಿ ಮೋರೆ ಈಲ್ ಅನ್ನುವ ಹಾವಿನಂಥ ಮೀನು. ಅದೃಷ್ಟ ಇದ್ದರೆ ಕಡಲಾಮೆ. ತಿಮಿಂಗಿಲ ಶಾರ್ಕ್ ಇಲ್ಲಿ ಕಂಡವರಿದ್ದಾರೆ. ಜಗತ್ತಿನ ಅತಿ ದೊಡ್ಡ ಮೀನು ಅದು. ನಮ್ಮ ದೇಶದಲ್ಲಿ 2001ರಿಂದ ಕಾನೂನಿನ ರಕ್ಷಣೆ ಇದೆ. ಆದರೆ ಅದನ್ನು ನೋಡುವ ಆಸೆಯಲ್ಲಿ ಬುಕ್ ಮಾಡಬೇಡಿ.

ನೀರಿನ ಮೇಲೆ ಇರುವ ಜೀವವೂ ಅಷ್ಟೇ ಮುಖ್ಯ, ಅದರ ಬಗ್ಗೆ ಡೈವಿಂಗ್ ಅಂಗಡಿಯವರು ಹೇಳುವುದು ಕಡಿಮೆ. ಬಿಳಿಹೊಟ್ಟೆಯ ಕಡಲಹದ್ದು ಇಲ್ಲಿ ಗೂಡು ಕಟ್ಟುತ್ತದೆ. ಗುಹೆಗಳಲ್ಲಿ ಸ್ವಿಫ್ಟ್‌ಲೆಟ್ ಅನ್ನುವ ಪುಟ್ಟ ಹಕ್ಕಿ ಜೊಲ್ಲಿನಿಂದ ಅಂಟಿಸಿ ಗೂಡು ಮಾಡುತ್ತದೆ. ಅದು ಕತ್ತಲಲ್ಲಿ ಟಿಕ್ ಟಿಕ್ ಅಂತ ಸದ್ದು ಮಾಡಿ, ಆ ಸದ್ದು ಗೋಡೆಗೆ ಬಡಿದು ಮರಳುವುದನ್ನು ಕೇಳಿ ದಾರಿ ಹಿಡಿಯುತ್ತದೆ, ಬಾವಲಿಯ ಹಾಗೆ. ದ್ವೀಪದ ಮೇಲೆ ಆಡುಗಳೂ ಇವೆ. ಮೀನುಗಾರರು ಹರಕೆಗೆ ಬಿಟ್ಟವು, ಕಾಡಾಗಿ ಬೆಳೆದಿವೆ. ಬೋಟಿನಿಂದಲೇ ಕಾಣುತ್ತವೆ, ಒಂದು ಬೈನಾಕ್ಯುಲರ್ ಇಟ್ಟುಕೊಳ್ಳಿ.

ಇನ್ನೊಂದು ವಿಷಯ ನನಗೆ ನೋವು ಕೊಡುತ್ತದೆ, ಆದರೂ ಹೇಳಬೇಕು. ಇಷ್ಟೆಲ್ಲ ಜೀವ ಇರುವ ಈ ದ್ವೀಪವನ್ನು ನೌಕಾಪಡೆ ಬಹಳ ಕಾಲ ಗುಂಡು ಹಾರಿಸುವ ಅಭ್ಯಾಸಕ್ಕೆ ಬಳಸಿದೆ. ಪರಿಸರ ತಜ್ಞರು ಇದನ್ನು ವಿರೋಧಿಸುತ್ತಲೇ ಬಂದಿದ್ದಾರೆ. ಸಿಡಿಯದ ಗುಂಡುಗಳು ಅಲ್ಲಿ ಸಿಕ್ಕಿವೆ. ಯಾರಾದರೂ "ಸ್ವಲ್ಪ ಜಾಸ್ತಿ ಕೊಡಿ, ಮೇಲೆ ಇಳಿಸುತ್ತೇನೆ" ಅಂದರೆ ಒಪ್ಪಬೇಡಿ.

ಖರ್ಚು ಇಲ್ಲಿ ದೊಡ್ಡದು. ಮೊದಲ ಸಲ ಮಾಡುವವರ ಡೈವ್‌ಗೆ ತಲೆಗೆ ಐದಾರು ಸಾವಿರದ ಲೆಕ್ಕ ಇಟ್ಟುಕೊಳ್ಳಿ. ಈಜು ಬರಬೇಕಾಗಿಲ್ಲ, ತರಬೇತುದಾರರು ಹಿಡಿದುಕೊಂಡೇ ಇರುತ್ತಾರೆ. ಇಂಥ ಡೈವ್‌ಗೆ 12 ಮೀಟರ್ ಮಿತಿ. ಹತ್ತು ವರ್ಷದ ಕೆಳಗಿನ ಮಕ್ಕಳಿಗಿಲ್ಲ. ಆಸ್ತಮಾ, ಹೃದಯದ ತೊಂದರೆ, ಕಿವಿ ಸೈನಸ್ ಸಮಸ್ಯೆ ಇರುವವರು ಬೆಂಗಳೂರಲ್ಲೇ ಡಾಕ್ಟರನ್ನು ಕೇಳಿ ಹೊರಡಿ. ಅಲ್ಲಿ ಫಾರ್ಮ್ ತುಂಬುವಾಗ ಸುಳ್ಳು ಬರೆಯಬೇಡಿ. ನೀರಿಗೆ ಇಳಿದಿರುವುದು ಅರ್ಧ ಗಂಟೆ ಅಷ್ಟೆ, ಉಳಿದದ್ದೆಲ್ಲ ಪ್ರಯಾಣ. ಅದು ನಿಮಗೆ ಒಪ್ಪುತ್ತದಾ ನೋಡಿಕೊಳ್ಳಿ.

ನಮ್ಮ ಊರಿನವರು ಮರೆಯುವ ಸಂಗತಿ ಒಂದಿದೆ. ಡೈವ್ ಮಾಡಿದ ಕೂಡಲೇ ಎತ್ತರಕ್ಕೆ ಹೋಗಬಾರದು. ನೀರಿನ ಒತ್ತಡದಲ್ಲಿ ಮೈಗೆ ಸೇರಿದ ನೈಟ್ರೋಜನ್ ನಿಧಾನವಾಗಿ ಹೊರಗೆ ಹೋಗಬೇಕು. ವಿಮಾನಕ್ಕೆ ಮುಂಚೆ ಒಂದೇ ಡೈವ್ ಆದರೆ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18 ಗಂಟೆ ಬಿಡುವು ಬೇಕು ಅನ್ನುವುದು ಡೈವಿಂಗ್‌ನ ರೂಢಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಹಾಗಾಗಿ ಮಧ್ಯಾಹ್ನ ಡೈವ್ ಮುಗಿಸಿ ಸಂಜೆಗೇ ಕಾರಲ್ಲಿ ಘಾಟಿ ಹತ್ತುವ ಪ್ಲಾನ್ ಹಾಕಬೇಡಿ. ಮೊದಲ ದಿನ ಡೈವ್, ಎರಡನೇ ದಿನ ಮುರ್ಡೇಶ್ವರ, ಭಟ್ಕಳ ಸುತ್ತಾಟ, ಆಮೇಲೆ ವಾಪಸ್. ಇದರಿಂದ ಇನ್ನೊಂದು ಲಾಭ ಇದೆ. ಅಲೆ ಜೋರಾಗಿ ಮೊದಲ ದಿನ ಬೋಟು ಹೋಗದಿದ್ದರೆ ಮರುದಿನ ಕೇಳಬಹುದು. ಆಗ ಮಾತ್ರ ವಾಪಸಿನ ಟಿಕೆಟನ್ನೂ ಒಂದು ದಿನ ಮುಂದೂಡಿ.

ಬಸವರಾಜದುರ್ಗ, ಹೊನ್ನಾವರ

ಇತಿಹಾಸ ಇಷ್ಟಪಡುವವರಿಗೆ ನಾನು ಮೊದಲು ಹೇಳುವ ಹೆಸರು ಇದು. ಸಿಗುವುದು ಕಷ್ಟದ ಹೆಸರೂ ಇದೇ. ಶರಾವತಿ ಕಡಲು ಸೇರುವ ಅಳಿವೆಯಿಂದ ಹೊರಗೆ, ಸಮುದ್ರದ ನಡುವೆ ಚಪ್ಪಟೆ ತಲೆಯ ಗುಡ್ಡ. ಸುತ್ತ ಕೋಟೆ ಗೋಡೆ. ಕೆಳದಿಯ ಅರಸರ ಕಾಲದ ಕೋಟೆ ಇದು.

ಇಲ್ಲಿ ಯಾಕೆ ಕೋಟೆ ಅನ್ನುವುದು ಹೊನ್ನಾವರದ ದಡದಲ್ಲಿ ನಿಂತರೆ ಅರ್ಥವಾಗುತ್ತದೆ. ಘಟ್ಟದ ಮೇಲಿನ ಮೆಣಸು ಈ ನದಿಗಳ ಮೂಲಕ ಕೆಳಗಿಳಿದು ಬಂದರು ಸೇರುತ್ತಿತ್ತು. ಆ ಮೆಣಸಿಗಾಗಿ ಪೋರ್ಚುಗೀಸರು ಬಂದರು, ಹೊನ್ನಾವರದಲ್ಲಿ ಅವರೂ ಕೋಟೆ ಇಟ್ಟುಕೊಂಡಿದ್ದರು. ಅಳಿವೆಯ ಬಾಯಿ ಯಾರ ಕೈಯಲ್ಲಿದೆಯೋ ವ್ಯಾಪಾರ ಅವರ ಕೈಯಲ್ಲಿ. ಹದಿನೇಳನೇ ಶತಮಾನದಲ್ಲಿ ಕೆಳದಿಯವರು ಕರಾವಳಿಯ ಉದ್ದಕ್ಕೂ ಬಲವಾದರು. 1763ರಲ್ಲಿ ಹೈದರಾಲಿ ಅವರ ರಾಜಧಾನಿ ಬಿದನೂರನ್ನು ಗೆದ್ದ ಮೇಲೆ ಈ ಕರಾವಳಿಯೂ ಮೈಸೂರಿನ ಕೈಗೆ ಬಂತು. ಶಾಲೆಯಲ್ಲಿ ನಾವು ಕೋಟೆ ಅಂದರೆ ಚಿತ್ರದುರ್ಗ, ಶ್ರೀರಂಗಪಟ್ಟಣ ಅಂತ ಕಲಿತೆವು. ಕಡಲಿನ ಮಧ್ಯೆ ಕನ್ನಡದ ಅರಸರ ಕೋಟೆ ಇದೆ ಅಂತ ಬೆಂಗಳೂರಲ್ಲಿ ಎಷ್ಟು ಜನಕ್ಕೆ ಗೊತ್ತು? ಇದಕ್ಕೆ ಸರಿಯಾದ ರಕ್ಷಣೆ, ಒಂದು ಫಲಕ, ದಡದಲ್ಲಿ ಒಂದು ಮಾಹಿತಿ ಕೇಂದ್ರ ಆಗಲೇಬೇಕು.

ಆದರೆ ಸೇಂಟ್ ಮೇರೀಸ್‌ನ ಹಾಗೆ ದಿನವೂ ಟಿಕೆಟ್ ಕೊಡುವ ಬೋಟು ಇಲ್ಲಿಲ್ಲ. ಊರಿನ ದೋಣಿಯವರನ್ನು ಒಪ್ಪಿಸಬೇಕು. ಹತ್ತುವ ಜಾಗ ಕಲ್ಲು ಮುಳ್ಳು, ನೆರಳು ನೀರು ಎಲ್ಲ ನೀವೇ ಹೊತ್ತುಕೊಂಡು ಹೋಗಬೇಕು. ಒಬ್ಬಿಬ್ಬರಾದರೆ ದೋಣಿ ಬಾಡಿಗೆ ದುಬಾರಿ, ಆರೆಂಟು ಜನರ ಗುಂಪಾದರೆ ಹಂಚಿಕೊಂಡು ಹಗುರ. ಹೊರಡುವ ಮುಂಚೆ ಕರಾವಳಿ ಕಾವಲು ಪೊಲೀಸ್ ಠಾಣೆಯಲ್ಲಿ ಕೇಳಿ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗುವ ಜಾಗ ಇದಲ್ಲ.

ಹೊನ್ನಾವರದ ಒಳ್ಳೆಯತನ ಏನೆಂದರೆ ದೋಣಿ ಸಿಗದಿದ್ದರೂ ಬಂದದ್ದು ದಂಡ ಆಗುವುದಿಲ್ಲ. ಶರಾವತಿಯ ಹಿನ್ನೀರಿನ ಅಂಚಿನ ಕಾಂಡ್ಲಾ (ಮ್ಯಾಂಗ್ರೋವ್) ವನದಲ್ಲಿ ಮರದ ಹಲಗೆಯ ದಾರಿ ಮಾಡಿದ್ದಾರೆ. ನದಿಯ ನಡುವಿನ ಕುರ್ವೆಗಳನ್ನು, ಅಂದರೆ ನಡುಗಡ್ಡೆಗಳನ್ನು, ಸಣ್ಣ ದೋಣಿಯಲ್ಲಿ ಸುತ್ತಬಹುದು, ಅಲೆ ಇಲ್ಲದ ನೀರು. ಪಕ್ಕದ ಕಾಸರಕೋಡು ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಬಂತು, ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಮಾನ್ಯತೆ ಅದು. ಅದೇ ಕಾಸರಕೋಡಿನ ಟೊಂಕಾ ಕಡೆ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ರಾತ್ರಿ ಆ ದಡದಲ್ಲಿ ಟಾರ್ಚು, ಫ್ಲ್ಯಾಶ್ ಬೇಡ.

ಕಾರವಾರದ ಸುತ್ತ

ದ್ವೀಪಗಳು ಹತ್ತಿರ ಹತ್ತಿರ ಕಾಣುವುದು ಇಲ್ಲೇ. ಆದರೆ ಕಾಣುವುದೆಲ್ಲ ಹೋಗಲು ಸಿಗುವುದಿಲ್ಲ. ಅಂಜುದೀವ್ ಅಂತೂ ಮರೆತುಬಿಡಿ. ಕಾರವಾರದ ಮಗ್ಗುಲಲ್ಲಿದ್ದರೂ ಆಡಳಿತದಲ್ಲಿ ಅದು ಗೋವಾಕ್ಕೆ ಸೇರಿದ್ದು. ಈಗ ನೌಕಾನೆಲೆಯ ಭಾಗ, ಸಾಮಾನ್ಯರಿಗೆ ಪ್ರವೇಶ ಇಲ್ಲ. ಇತಿಹಾಸ ಮಾತ್ರ ಮೈ ಜುಮ್ಮೆನ್ನುವಂಥದ್ದು. 1505ರಲ್ಲಿ ಪೋರ್ಚುಗೀಸರು ಅಲ್ಲಿ ಕೋಟೆ ಕಟ್ಟಲು ಶುರು ಮಾಡಿದರು. 1660ರ ದಶಕದಲ್ಲಿ, ಬೊಂಬಾಯಿ ತಮ್ಮ ಕೈಗೆ ಬರಲಿ ಅಂತ ಕಾಯುತ್ತಾ ಬೀಡುಬಿಟ್ಟ ಇಂಗ್ಲಿಷ್ ಸೈನಿಕರು ಅಲ್ಲೇ ಕಾಯಿಲೆ ಬಿದ್ದು ದಂಡುದಂಡಾಗಿ ಸತ್ತರು. 1961ರ ಡಿಸೆಂಬರಿನಲ್ಲಿ ಅದನ್ನು ಪೋರ್ಚುಗೀಸರಿಂದ ಬಿಡಿಸಿಕೊಳ್ಳುವಾಗ ನಮ್ಮ ನೌಕಾಪಡೆಯ ಏಳು ಜನ ಪ್ರಾಣ ಕೊಟ್ಟರು.

ಕೂರ್ಮಗಡ ಆಮೆಯ ಬೆನ್ನಿನ ಹಾಗೆ ಕಾಣುವ ದ್ವೀಪ. ನರಸಿಂಹ ದೇವರ ಗುಡಿ ಇದೆ. ಪುಷ್ಯ ಹುಣ್ಣಿಮೆಯ ಜಾತ್ರೆಗೆ ಸುತ್ತಲಿನ ಜನ ದೋಣಿಯಲ್ಲಿ ಹೋಗುತ್ತಾರೆ. 2019ರ ಜನವರಿ 21ರಂದು ಆ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಹೆಚ್ಚು ಜನ ಹತ್ತಿದ್ದ ದೋಣಿ ಅದು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಯಾವ ದ್ವೀಪಕ್ಕೇ ಹೋಗಿ, ಲೈಫ್ ಜಾಕೆಟ್ ಕೈಯಲ್ಲಿ ಹಿಡಿಯುವುದಲ್ಲ, ಹಾಕಿಕೊಂಡು ಬಕಲ್ ಬಿಗಿದುಕೊಳ್ಳಿ. ಎಲ್ಲರಿಗೂ ಜಾಕೆಟ್ ಇಲ್ಲದ ದೋಣಿಯಾದರೆ ಇಳಿದುಬಿಡಿ, ದುಡ್ಡು ಹೋದರೂ ಹೋಗಲಿ.

ಹಾಗಾದರೆ ಕಾರವಾರಕ್ಕೆ ಯಾಕೆ ಹೋಗಬೇಕು? ಡಾಲ್ಫಿನ್‌ಗಾಗಿ. ಕಾಳಿ ನದಿ ಕಡಲಿಗೆ ಸೇರುವ ಕಡೆ ಮೀನು ಜಾಸ್ತಿ, ಅದನ್ನು ಹಿಂಬಾಲಿಸಿ ಗೂನುಬೆನ್ನಿನ ಡಾಲ್ಫಿನ್‌ಗಳು ಕೊಲ್ಲಿಯೊಳಗೇ ಬರುತ್ತವೆ. ಬೆಳಗಿನ ಹೊತ್ತು, ಕಡಲು ಶಾಂತವಾಗಿರುವಾಗ ಕಾಣುವ ಸಾಧ್ಯತೆ ಹೆಚ್ಚು. ಬೋಟಿನವರಿಗೆ "ಬೆನ್ನಟ್ಟಬೇಡಿ, ಇಂಜಿನ್ ನಿಲ್ಲಿಸಿ ಕಾಯೋಣ" ಅಂತ ಮೊದಲೇ ಹೇಳಿ. ಕಾಯುವವರಿಗೇ ಅವು ಚೆನ್ನಾಗಿ ಕಾಣುವುದು. ದೇವಬಾಗದಲ್ಲಿ ಜಂಗಲ್ ಲಾಡ್ಜಸ್‌ನವರ ರೆಸಾರ್ಟ್ ಇದೆ. ಅದು ದ್ವೀಪ ಅಲ್ಲ, ನದಿ ಕಡಲುಗಳ ನಡುವಿನ ಮರಳು ನಾಲಿಗೆ. ದುಬಾರಿ, ಆದರೆ ಗಾಳಿಮರಗಳ ನೆರಳು, ಬೋಟು, ಊಟ ಎಲ್ಲ ಒಂದೇ ಕಡೆ. ವಯಸ್ಸಾದವರನ್ನು ಕರೆದುಕೊಂಡು ಹೋಗಿ ಎರಡು ದಿನ ಆರಾಮಾಗಿ ಇರಬೇಕು ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಈಗ ಯಾರಿಗೆ ಯಾವುದು

ಒಂದೇ ಶನಿವಾರ ಭಾನುವಾರ, ಕೈಯಲ್ಲಿ ದುಡ್ಡು ಕಡಿಮೆ, ಮಕ್ಕಳಿದ್ದಾರೆ ಅಂದರೆ ಯೋಚಿಸಬೇಡಿ, ಮಲ್ಪೆ. ಶುಕ್ರವಾರ ಸಂಜೆ ಪಂಚಗಂಗಾ ರೈಲು ಹತ್ತಿದರೆ ಬೆಳಕು ಹರಿಯುವ ಮುಂಚೆ ಉಡುಪಿ. ಮೊದಲ ಬೋಟಿಗೇ ಹೋಗಿ, ಜನ ಬರುವ ಮುಂಚೆ ಕಲ್ಲು ನೋಡಬಹುದು. ನೀರಿನೊಳಗೆ ಇಳಿಯುವ ಧೈರ್ಯ, ಮೂರು ದಿನದ ಬಿಡುವು, ಕೈಯಲ್ಲಿ ಸ್ವಲ್ಪ ಕಾಸು ಇದ್ದರೆ ನೇತ್ರಾಣಿ. ಮೈಸೂರು ಮೇಲೆ ಹೋಗುವ ರೈಲು ಈಗ ಮುರ್ಡೇಶ್ವರದವರೆಗೂ ಹೋಗುತ್ತದೆ. ಅಂಡಮಾನ್‌ಗೆ ಹೋಗುವ ಯೋಚನೆ ಇದ್ದು ನೀರು ಒಗ್ಗುತ್ತದಾ ಅಂತ ಅನುಮಾನ ಇರುವವರೂ ಮೊದಲು ಇಲ್ಲಿ ಒಂದು ಡೈವ್ ಮಾಡಿ ನೋಡುವುದು ಒಳ್ಳೆಯದು.

ಕೋಟೆ, ಚರಿತ್ರೆ ಅನ್ನುವವರು ಗುಂಪು ಕಟ್ಟಿಕೊಂಡು ಹೊನ್ನಾವರಕ್ಕೆ ಹೋಗಿ, ದೋಣಿ ಸಿಗದಿದ್ದರೂ ಬೇಜಾರಿಲ್ಲ ಅನ್ನುವ ಮನಸ್ಸು ಇಟ್ಟುಕೊಂಡು. ಮನೆಯಲ್ಲಿ ಒಬ್ಬರಿಗೆ ಡೈವ್ ಬೇಕು, ಇನ್ನೊಬ್ಬರಿಗೆ ಅಲೆಯೇ ಆಗದು ಅನ್ನುವಂತಿದ್ದರೆ ಮುರ್ಡೇಶ್ವರದಲ್ಲಿ ಉಳಿದುಕೊಳ್ಳಿ. ಒಬ್ಬರು ನೇತ್ರಾಣಿಗೆ ಹೋದ ಹೊತ್ತಿನಲ್ಲಿ ಉಳಿದವರು ಹೊನ್ನಾವರದ ಕಾಂಡ್ಲಾ ವನ ನೋಡಿ ಬರಬಹುದು, ಒಂದು ಗಂಟೆಯೊಳಗಿನ ದಾರಿ.

ಯಾವುದನ್ನೇ ಆರಿಸಿದರೂ ಹೊರಡುವ ಹಿಂದಿನ ದಿನ ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆ ನೋಡಿ. ಅದರಲ್ಲಿ ಕಡಲಿಗೆ ಇಳಿಯಬೇಡಿ ಅಂತ ಇದ್ದರೆ ಬೋಟಿನವರ ಹತ್ತಿರ ಜಗಳ ಬೇಡ. ಮಲ್ಪೆಯಲ್ಲಾದರೆ ಸೀ ವಾಕ್ ಅನ್ನುವ ಕಡಲಂಚಿನ ನಡೆದಾರಿ ಮತ್ತು ಉಡುಪಿ ಮಠ, ಕಾರವಾರದಲ್ಲಾದರೆ ದಡದಲ್ಲೇ ನಿಲ್ಲಿಸಿರುವ ಐಎನ್‌ಎಸ್ ಚಾಪಲ್ ಯುದ್ಧನೌಕೆಯ ಮ್ಯೂಸಿಯಂ. ದಕ್ಕೆಯಲ್ಲಿ ಬಂಗುಡೆ ಇಳಿಯುವ ಹೊತ್ತಾದರೆ ಅಲ್ಲಿಗೂ ಒಂದು ಸುತ್ತು ಹೋಗಿ ಬನ್ನಿ.